ಮಳೆತೋಳದ ಮರಿ ಯಾವ ತಿಂಗಳಲ್ಲಿ ಹುಟ್ಟಬೇಕು?

ಪ್ರಶ್ನೆ: ನಾನು ಮಣಿಪಾಲದಲ್ಲಿದ್ದೇನೆ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕತೆ ನಡೆಯುವುದು ನಮ್ಮ ಕರಾವಳಿಯಲ್ಲೇ. ಅದರಲ್ಲಿ ‘ಮಳೆತೋಳ’ ಅಂತ ಒಂದು ಪ್ರಾಣಿ ಇದೆ. ಕರುವಿನಷ್ಟು ದೊಡ್ಡದು, 120 ಕಿಲೋ ತೂಗುತ್ತದೆ. ಬೇಸಿಗೆಯಿಡೀ ಮುರಕಲ್ಲಿನ ಸುರಂಗದಲ್ಲಿ ಮಲಗಿರುತ್ತದೆ. ಎದ್ದು ಊಳಿಟ್ಟರೆ ಮುಂಗಾರು ಬರುತ್ತದೆ. ಮಳೆ ಬಂದ ರಾತ್ರಿಯೇ ಮರಿ ಹಾಕುತ್ತದೆ. ಮರಿಗಳ ಮೈ ನೀಲಿಯಾಗಿ ಹೊಳೆಯುತ್ತದೆ. ಮುನ್ನೂರು ವರ್ಷ ಬದುಕುತ್ತದೆ. ನಾಯಕನನ್ನು ಕಾದಾಡಿ ಸೋಲಿಸಿದ ತೋಳವೇ ಮುಂದಿನ ನಾಯಕ. ಓದಿದ ಗೆಳೆಯರು ‘ಯಾಕೋ ನಂಬಿಕೆ ಬರೋದಿಲ್ಲ’ ಅನ್ನುತ್ತಾರೆ. ಮಾಯೆ ಜಾಸ್ತಿ ಆಯಿತಾ? ಇದರ ಜೀವನಚಕ್ರ ಹೇಗಿದ್ದರೆ ಚೆನ್ನ?

ಉತ್ತರ: ಮಾಯೆ ಇರಲಿ, ತೆಗೆಯಬೇಡಿ. ನಿಮ್ಮ ಗೆಳೆಯರು ಎಡವಿದ್ದು ಮರಿ ಹುಟ್ಟುವ ತಿಂಗಳಲ್ಲಿ ಅಂತ ನನಗನಿಸುತ್ತದೆ. ಅವರಿಗೇ ಅದು ಗೊತ್ತಾಗಿರಲಿಕ್ಕಿಲ್ಲ. ಆದರೆ ಕರಾವಳಿಯಲ್ಲಿ ನಾಲ್ಕು ಮಳೆಗಾಲ ಕಳೆದವರಿಗೆ ಮಳೆ ಬಂದ ರಾತ್ರಿ ಸುರಂಗದೊಳಗೆ ಮರಿ ಹುಟ್ಟಿತು ಅಂದ ಕೂಡಲೇ ಒಳಗೊಳಗೇ ಏನೋ ಸರಿ ಇಲ್ಲ ಅನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ತೋಳದ ಮರಿ ಹುಟ್ಟುವಾಗ ಕುರುಡು, ಕಿವುಡು. ತೂಕ ಅರ್ಧ ಕಿಲೋ ಆಸುಪಾಸು. ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲೂ ಬರುವುದಿಲ್ಲ. ಕಣ್ಣು ತೆರೆಯಲು 12ರಿಂದ 14 ದಿನ ಬೇಕು. ಬಿಲದ ಬಾಯಿಗೆ ತಡವರಿಸಿಕೊಂಡು ಬರಲು ಮೂರು ವಾರ. ಬಿಲವನ್ನು ಪೂರ್ತಿ ಬಿಟ್ಟು ಹೋಗಲು ಎಂಟರಿಂದ ಹತ್ತು ವಾರ. ಈಗ ನಿಮ್ಮ ಲೆಕ್ಕ ನೋಡಿ. ಜೂನ್ ಮೊದಲ ವಾರ ಹುಟ್ಟಿದ ಮರಿ ಆಗಸ್ಟ್‌ವರೆಗೆ ಸುರಂಗದಲ್ಲೇ ಇರಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಬೀಳುವುದು ಇದೇ ತಿಂಗಳುಗಳಲ್ಲಿ. ಸುರಂಗ ಅನ್ನುವುದನ್ನು ನಮ್ಮವರು ತೋಡಿದ್ದೇ ನೀರಿಗಾಗಿ ಅಲ್ವಾ? ಗುಡ್ಡಕ್ಕೆ ಅಡ್ಡಲಾಗಿ ಕೊರೆದರೆ ಮುರಕಲ್ಲಿನ ಸಂದಿಯಿಂದ ಜಿನುಗುವ ನೀರು ಹೊರಗೆ ಹರಿದು ಬರುತ್ತದೆ. ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹೀಗೆ ಗುಡ್ಡ ಕೊರೆದು ಬೋಳು ನೆಲವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಮರಿಗಳು ಆಟಿಯಲ್ಲಿ, ಅಂದರೆ ಮಳೆ ಜೋರಾಗಿರುವ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಅಂಥ ಸುರಂಗದೊಳಗಿದ್ದರೆ ಒಂದೂ ಉಳಿಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಮರಿ ಹುಟ್ಟುವ ತಿಂಗಳನ್ನು ಮೊದಲು ಗಟ್ಟಿ ಮಾಡಿ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಿ. ಪ್ರಾಣಿಯ ಮೈ, ಊಟ, ನಿದ್ದೆ, ಸಂಸಾರ ಎಲ್ಲ ತಾನಾಗಿ ಕೂಡಿ ಬರುತ್ತವೆ.

ಮರಿ ಮೇ ಎರಡನೇ ವಾರದ ಹೊತ್ತಿಗೆ ಹುಟ್ಟಲಿ. ತುಳು ತಿಂಗಳಲ್ಲಿ ಹೇಳುವುದಾದರೆ ಪಗ್ಗು ಮುಗಿಯುವ ಹೊತ್ತು. ಸುರಂಗ ಆಗ ಒಣಗಿರುತ್ತದೆ. ಎಲ್ಲ ಸುರಂಗವೂ ಬೇಸಿಗೆಯಲ್ಲಿ ಬತ್ತುವುದಿಲ್ಲ, ಆದ್ದರಿಂದ ಜನ ಕೈಬಿಟ್ಟ, ನೀರು ನಿಂತುಹೋದ ಸುರಂಗವನ್ನೇ ಆರಿಸಿ. ಬೇಷ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಕೋಲ, ನೇಮ, ಯಕ್ಷಗಾನದ ಮೇಳ ಎಲ್ಲ ಮುಗಿದು ರಾತ್ರಿಗಳು ಸದ್ದಿಲ್ಲದಾಗುವ ದಿನ. ಮರಿಗಳ ಕಣ್ಣು ತೆರೆಯುವುದು ಸರಿಯಾಗಿ ಅದೇ ಹೊತ್ತಿಗೆ. ಇನ್ನೊಂದು ವಾರಕ್ಕೆ ಅವು ಬಿಲದ ಬಾಯಿಗೆ ಬರುತ್ತವೆ, ಮುಂಗಾರೂ ಬರುತ್ತದೆ. ಜುಲೈ ಮೊದಲ ವಾರ ಅಂದರೆ ಎಂಟು ವಾರ ತುಂಬಿತು. ನಿಜವಾದ ತೋಳಗಳೂ ಇದೇ ವಯಸ್ಸಿನಲ್ಲಿ ಮರಿಗಳನ್ನು ಬಿಲದಿಂದ ಬಯಲಿನ ಒಂದು ಜಾಗಕ್ಕೆ ಸಾಗಿಸುತ್ತವೆ. ಸುರಂಗಕ್ಕೆ ನೀರು ಬರುವ ಮುಂಚೆ ನಿಮ್ಮ ತೋಳ ಅವನ್ನು ಪಾದೆಯ (ಬಂಡೆನೆಲದ) ಮೇಲಿನ ಯಾವುದಾದರೂ ಹಾಡಿಗೆ, ಅಂದರೆ ಕುರುಚಲು ಕಾಡಿಗೆ, ಒಯ್ಯಲಿ. ನಿಮಗೆ ಒಂದು ಒಳ್ಳೆಯ ಅಧ್ಯಾಯವೂ ಸಿಕ್ಕಿತು: ಒಂದು ವರ್ಷ ಮಳೆ ಬೇಗ ಬಂದುಬಿಟ್ಟರೆ?

ಇನ್ನು ಹಿಂದಕ್ಕೆ ಎಣಿಸೋಣ. ತೋಳದ ಬಸಿರು ಸುಮಾರು 63 ದಿನ. ಹಾಗಾದರೆ ಮಾರ್ಚ್ ಮೊದಲ ವಾರ ಗಂಡು ಹೆಣ್ಣು ಕೂಡಬೇಕು. ಆದರೆ ಆಗ ನಿಮ್ಮ ಪ್ರಾಣಿ ಮಲಗಿರುತ್ತದಲ್ಲ! ಇದಕ್ಕೆ ಮಾಯೆಯೇನೂ ಬೇಡ, ಕರಡಿ ಇದನ್ನು ಎಂದೋ ಬಗೆಹರಿಸಿಕೊಂಡಿದೆ. ಅಮೆರಿಕದ ಕಪ್ಪು ಕರಡಿ ಬೇಸಿಗೆಯ ಮೊದಲಲ್ಲಿ ಕೂಡುತ್ತದೆ. ಭ್ರೂಣ ಒಂದಿಷ್ಟು ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಗರ್ಭಕೋಶಕ್ಕೆ ಅಂಟಿಕೊಳ್ಳದೆ ತಿಂಗಳುಗಟ್ಟಲೆ ಸುಮ್ನೆ ತೇಲಿಕೊಂಡಿರುತ್ತದೆ. ಚಳಿಗಾಲದ ನಿದ್ದೆಗೆ ಹೋಗುವ ಹೊತ್ತಿಗೆ ತಾಯಿಯ ಮೈಯಲ್ಲಿ ಕೊಬ್ಬು ಸಾಕಷ್ಟಿದ್ದರೆ ಭ್ರೂಣ ಅಂಟಿಕೊಂಡು ಬೆಳೆಯಲು ಶುರು ಮಾಡುತ್ತದೆ. ಇಲ್ಲದಿದ್ದರೆ ಆ ವರ್ಷ ಮರಿ ಇಲ್ಲ. ಜನವರಿಯ ಸುಮಾರಿಗೆ, ನಿದ್ದೆಯ ನಡುವೆಯೇ, ಗವಿಯೊಳಗೆ ಹೆರುತ್ತದೆ. ಏನೂ ತಿನ್ನದೆ, ನೀರೂ ಕುಡಿಯದೆ ಹಾಲೂಡಿಸುತ್ತದೆ.

ಮಳೆತೋಳಕ್ಕೂ ಇದನ್ನೇ ಕೊಡಿ. ದೀಪಾವಳಿ ಕಳೆದ ಮೇಲೆ, ನವೆಂಬರ್‌ನಲ್ಲಿ ಕೂಡಲಿ. ಭ್ರೂಣ ಮಾರ್ಚ್ ಕೊನೆಯವರೆಗೆ ಕಾಯಲಿ. ತೋಳದಲ್ಲಿ ಭ್ರೂಣ ಅಂಟಿಕೊಂಡ ಮೇಲೆ ಹೆರಿಗೆಗೆ ಉಳಿಯುವುದು ಆರು ವಾರ. ಮೇ ಎರಡನೇ ವಾರಕ್ಕೆ ಸರಿಹೋಯಿತು ನೋಡಿ.

ನಿದ್ದೆ ಯಾವಾಗ ಶುರು? ಇದಕ್ಕೆ ಕೆಡ್ಡಸಕ್ಕಿಂತ ಒಳ್ಳೆಯ ದಿನ ಸಿಗಲಿಕ್ಕಿಲ್ಲ. ಫೆಬ್ರವರಿಯ ಎರಡನೇ ವಾರದಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ತುಳುವರು ನೆಲ ಅಗೆಯುವುದನ್ನು, ಉಳುವುದನ್ನು ನಿಲ್ಲಿಸುತ್ತಾರೆ. ಅದೇ ದಿನಗಳಲ್ಲಿ ಕಾಡಿಗೆ ಬೇಟೆಗೆ ಹೋಗುವ ಹಳೆಯ ಪದ್ಧತಿಯೂ ಇತ್ತು. ನೆಲದೊಳಗೆ ಇಳಿಯುವ ಪ್ರಾಣಿಗೆ ಇದಕ್ಕಿಂತ ಬೇರೆ ಕಾರಣ ಬೇಕಾ? ಮೇಲೆ ಬೇಟೆಗಾರರು, ಕೆಳಗೆ ಯಾರೂ ಗುದ್ದಲಿ ಹಾಕದ ಮಣ್ಣು. ಕೆಡ್ಡಸದಿಂದ ಪತ್ತನಾಜೆಯವರೆಗೆ ಮೂರೂವರೆ ತಿಂಗಳ ನಿದ್ದೆ.

ನಾಯಿಯ ಕುಟುಂಬದಲ್ಲಿ ಹೀಗೆ ಮಲಗುವ ಪ್ರಾಣಿ ಉಂಟಾ ಅಂತ ನಿಮ್ಮ ಗೆಳೆಯರು ಕೇಳಿದರೆ, ಒಂದೇ ಒಂದು ಇದೆ ಅನ್ನಿ. ಚೀನಾ, ಕೊರಿಯಾ, ಜಪಾನ್ ಕಡೆಯ ರಕೂನ್ ನಾಯಿ ಚಳಿ ಜಾಸ್ತಿ ಇರುವ ಜಾಗಗಳಲ್ಲಿ ದಪ್ಪಗಾಗಿ ಬಿಲ ಸೇರಿ ಮಲಗುತ್ತದೆ. ‘ಅದು ಚಳಿಗೆ, ಸೆಖೆಗೆ ಯಾರು ಮಲಗುತ್ತಾರೆ’ ಅಂದರೆ ಮಡಗಾಸ್ಕರ್‌ನ ಕುಳ್ಳ ಲೀಮರ್ ಇದೆ. ಅಲ್ಲಿನ ಒಣ ತಿಂಗಳುಗಳಲ್ಲಿ ಮರದ ಪೊಟರೆಯೊಳಗೆ ಏಳು ತಿಂಗಳವರೆಗೂ ಮಲಗುತ್ತದೆ. ಹಗಲಿನ ಬಿಸಿಲಿಗೆ ಪೊಟರೆ 30 ಡಿಗ್ರಿ ದಾಟಿದರೂ ಅದರ ನಿದ್ದೆ ಮುರಿಯುವುದಿಲ್ಲ. ಅಷ್ಟು ದಿನದ ಊಟವನ್ನು ಬಾಲದಲ್ಲಿ ಕೊಬ್ಬಾಗಿ ಇಟ್ಟುಕೊಂಡಿರುತ್ತದೆ.

ಆ ಬಾಲವನ್ನು ದಯವಿಟ್ಟು ಕದಿಯಿರಿ. ಫೆಬ್ರವರಿಯಲ್ಲಿ ಮಳೆತೋಳದ ಬಾಲ ಒನಕೆಯಷ್ಟು ದಪ್ಪ, ಜೂನ್‌ನಲ್ಲಿ ಬರೀ ಎಲುಬು. ನಿಮ್ಮ ಕತೆಯ ಹುಡುಗಿ ದೂರದಿಂದಲೇ ಬಾಲ ನೋಡಿ ಈ ವರ್ಷ ಈ ಹೆಣ್ಣು ಮರಿ ಹಾಕುತ್ತದೋ ಇಲ್ಲವೋ ಹೇಳಬಹುದು. ಬಾಲ ತೆಳ್ಳಗಿದ್ದರೆ ಭ್ರೂಣ ಅಂಟುವುದಿಲ್ಲ. ಬೇರೆ ವಿವರಣೆ ಕೊಡುವ ಅಗತ್ಯವೇ ಬೀಳುವುದಿಲ್ಲ.

ಎಲ್ಲ ತೋಳಗಳೂ ಮಲಗಿದರೆ ಕಾವಲು ಯಾರು? ಇದು ಮುಖ್ಯ. ಕಾರ್ಕಳ, ಬೈಂದೂರು ಕಡೆ ಚಿರತೆ ಊರೊಳಗೇ ಬಂದು ನಾಯಿ ಹಿಡಿಯುವುದು ನಿಮಗೂ ಗೊತ್ತು. ಹೆಬ್ಬಾವೂ ಇದೆ. ಹಾಗಾಗಿ ಒಂದು ತೋಳ ಎದ್ದಿರಲಿ. ಅದು ತಾಯಿಯ ತಮ್ಮ ಆಗಿದ್ದರೆ ನಮ್ಮ ಕಡೆಯ ಓದುಗರಿಗೆ ತಕ್ಷಣ ಹಿಡಿಸುತ್ತದೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿದ್ದ ಅಳಿಯಸಂತಾನದ ನಾಡಲ್ಲವೇ ಇದು. ಸುರಂಗ ತಾಯಿಯಿಂದ ಮಗಳಿಗೆ ಹೋಗಲಿ, ಕಾಯುವವನು ಸೋದರಮಾವ. ಒಂದೇ ಬಿಲವನ್ನು ತೋಳಗಳು ವರ್ಷ ವರ್ಷ ಬಳಸುವುದು ನಿಜವೇ. ಹಿರಿಯ ಅಕ್ಕ ಅಣ್ಣಂದಿರು ಮರಿ ಸಾಕಲು ಕೈಜೋಡಿಸುವುದೂ ನಿಜ. ಅಷ್ಟೇ ಅಲ್ಲ, ಹೆಣ್ಣು ತೋಳ ಬಸಿರಾಗದಿದ್ದರೂ ಅದರ ಮೈಯ ಹಾರ್ಮೋನುಗಳು ಬಸಿರಿನ ಹಾಗೆಯೇ ಏರಿಳಿಯುತ್ತವೆ. ಮರಿಗಳ ಮೇಲೆ ಅದಕ್ಕೂ ತಾಯಿಯಷ್ಟೇ ಮಮತೆ ಹುಟ್ಟುವುದಕ್ಕೆ ಇದೂ ಒಂದು ಕಾರಣ ಇರಬಹುದು. ತಾಯಿ ಸತ್ತ ಅಧ್ಯಾಯ ಬರೆದರೆ ಚಿಕ್ಕಮ್ಮನಿಂದ ಹಾಲು ಕೊಡಿಸಿ.

ಸಂಸಾರದ ಮಾತು ಬಂದದ್ದಕ್ಕೆ ನಾಯಕನ ಕಾದಾಟದ ಬಗ್ಗೆಯೂ ಹೇಳಿಬಿಡುತ್ತೇನೆ. ಅದನ್ನು ತೆಗೆದುಹಾಕಿ. ಈ ‘ಆಲ್ಫಾ’ ಕಲ್ಪನೆ ಹಬ್ಬಿದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್ ಮೊದಮೊದಲು ಆ ಪದವನ್ನೇ ಬಳಸುತ್ತಿದ್ದರು. 1999ರಲ್ಲಿ ಅವರೇ ಬರೆದರು: ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಮಕ್ಕಳು ಅಪ್ಪನನ್ನು ಸೋಲಿಸಿ ಪಟ್ಟ ಏರುವುದಿಲ್ಲ. ಒಂದರಿಂದ ಮೂರು ವರ್ಷದೊಳಗೆ ಮನೆ ಬಿಟ್ಟು ಹೋಗಿ ಜೋಡಿ ಹುಡುಕುತ್ತವೆ. ಈ ಮನೆ ಬಿಡುವ ಪ್ರಯಾಣ ಕಾದಾಟಕ್ಕಿಂತ ಎಷ್ಟೋ ರೋಚಕ. ಉಡುಪಿಯಿಂದ ಹೊರಟ ಎರಡು ವರ್ಷದ ತೋಳ ಹೆದ್ದಾರಿ ದಾಟಬೇಕು, ಕೊಂಕಣ ರೈಲು ಹಳಿ ದಾಟಬೇಕು, ಎಷ್ಟೋ ಹೊಳೆ ಈಜಬೇಕು. ಬರೆಯಲು ಅಷ್ಟು ಸಾಕಲ್ಲವೇ?

ಇನ್ನು 120 ಕಿಲೋ. ಇಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ನಮ್ಮ ದೇಶದ ತೋಳದ ತೂಕ 20 ಕಿಲೋ ಆಚೀಚೆ. ಅದಿರುವುದು ಬಯಲುಸೀಮೆಯ ಒಣ ಹುಲ್ಲುಗಾವಲಿನಲ್ಲಿ, ಕೊಪ್ಪಳ, ಗದಗದ ಕಡೆ. ಮೇಲುಕೋಟೆಯ ಅಭಯಾರಣ್ಯ 1974ರಲ್ಲಿ ಆದದ್ದು ಮುಖ್ಯವಾಗಿ ತೋಳಗಳಿಗಾಗಿ. ಕರಾವಳಿಯಲ್ಲಿ ತೋಳ ಇಲ್ಲ. ಇಲ್ಲಿರುವುದು ನರಿ, ತುಳುವಿನ ಕುದ್ಕೆ. ಘಟ್ಟದ ಬುಡಕ್ಕೆ ಹೋದರೆ ಕೆನ್ನಾಯಿ. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಅಳಿದುಹೋದ ಅಮೆರಿಕದ ಡೈರ್ ತೋಳ ಕೂಡ ಸರಾಸರಿ 60ರಿಂದ 70 ಕಿಲೋ ಅಷ್ಟೇ.

ಕ್ರಿಸ್ ಕಾರ್ಬೋನ್ ಮತ್ತು ಜಾನ್ ಗಿಟ್ಲ್‌ಮನ್ 2002ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಒಟ್ಟು ತೂಕ ಸುಮಾರು 90 ಕಿಲೋ ಆಗುವಷ್ಟು ಮಾಂಸಾಹಾರಿ ಪ್ರಾಣಿಗಳು ಒಂದು ಕಡೆ ನೆಲೆ ನಿಲ್ಲಬೇಕಾದರೆ ಅಲ್ಲಿ 10,000 ಕಿಲೋ ಬೇಟೆಯ ಪ್ರಾಣಿಗಳು ಇರಬೇಕು. ನಿಮ್ಮ ಆರು ತೋಳಗಳ ಸಂಸಾರ 720 ಕಿಲೋ. ಹಾಗಾದರೆ 80,000 ಕಿಲೋ ಬೇಟೆ ಬೇಕು. ಒಂದು ಕಾಡುಹಂದಿಗೆ 40 ಕಿಲೋ ಹಿಡಿದರೆ 2,000 ಹಂದಿ. ಅಷ್ಟನ್ನೂ ತಿನ್ನುತ್ತವೆ ಅಂತಲ್ಲ, ಅಷ್ಟು ಯಾವಾಗಲೂ ಇರಬೇಕು. ಮಣಿಪಾಲದ ಸುತ್ತ ಅಷ್ಟು ಹಂದಿ ಇದ್ದರೆ ಗದ್ದೆ ಅನ್ನುವುದೇ ಉಳಿಯುತ್ತಿರಲಿಲ್ಲ. ತೂಕವನ್ನು 22 ಕಿಲೋಗೆ ಇಳಿಸಿ. ಆಗ 15,000 ಕಿಲೋ ಸಾಕು. ಹಂದಿಮರಿ, ಮೊಲ, ನವಿಲು, ಮುಳ್ಳುಹಂದಿ ಸೇರಿದರೆ ಒಂದು ದೊಡ್ಡ ವ್ಯಾಪ್ತಿಯಲ್ಲಿ ನಡೆಯುತ್ತದೆ. ಇನ್ನೊಂದು ಲಾಭವೂ ಇದೆ. 22 ಕಿಲೋದ ಪ್ರಾಣಿಯನ್ನು ಮುಸ್ಸಂಜೆಯಲ್ಲಿ ಕಂಡವರು ನರಿ ಇರಬೇಕು ಅಂತ ಮನೆಗೆ ಹೋಗುತ್ತಾರೆ. ಇಷ್ಟು ಜನ ಇರುವ ಊರಿನಲ್ಲಿ ಇದು ಹೇಗೆ ಅಡಗಿತ್ತು ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು.

ಸಮುದ್ರವನ್ನೂ ಮರೆಯಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ತೋಳಗಳು ಸಾಲ್ಮನ್ ಮೀನು, ಮೀನಿನ ಮೊಟ್ಟೆ, ಬಂಡೆಗೆ ಅಂಟಿದ ಚಿಪ್ಪುಜೀವಿ ಎಲ್ಲ ತಿನ್ನುತ್ತವೆ. ದ್ವೀಪದಿಂದ ದ್ವೀಪಕ್ಕೆ ಕಿಲೋಮೀಟರ್‌ಗಟ್ಟಲೆ ಈಜುತ್ತವೆ. ನಿಮ್ಮ ತೋಳಕ್ಕೆ ಮರುವಾಯಿ ಚಿಪ್ಪು, ಏಡಿ, ದಡಕ್ಕೆ ಬಿದ್ದ ಬೂತಾಯಿ ಮೀನು ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಕಡಲತೀರದಲ್ಲಿ ಜನ ಕಡಿಮೆ. ಹಾಲೂಡಿಸುವ ತಾಯಿಗೆ ಹೊಟ್ಟೆ ಹಸಿದಿರುವ ಕಾಲವೂ ಅದೇ. ಮೊದಲ ಮಳೆಗೆ ಕಪ್ಪೆ, ಏಡಿ ಹೊರಬರುತ್ತವೆ. ತೋಡು ಹತ್ತಿ ಗದ್ದೆಗೆ ಬರುವ ಹತ್ತುಮೀನೂ ಇದೆ. ಎಲುಬಾದ ಬಾಲ ಮತ್ತೆ ತುಂಬಲು ಇದಿಷ್ಟು ಬೇಕು.

ಹೊಳೆಯುವ ಮರಿಗಳ ವಿಷಯ. ಚಿತ್ರ ಚೆಂದ, ಆದರೆ ಮರಿಯ ಮಟ್ಟಿಗೆ ಅದು ಆತ್ಮಹತ್ಯೆ. ತಾಯಿ ಮರಿಯನ್ನು ಹುಡುಕುವುದು ಮೂಗಿನಿಂದ, ಬೆಳಕು ಅದಕ್ಕೆ ಬೇಡ. ಬೆಳಕು ಬೇಕಾಗಿರುವುದು ಚಿರತೆಗೆ. ಮಿಂಚುಹುಳದ ಮರಿ ಹೊಳೆಯುತ್ತದಲ್ಲ ಅಂದರೆ, ಅದು ‘ನಾನು ಕಹಿ, ತಿನ್ನಬೇಡ’ ಅಂತ ಹೇಳುವ ಎಚ್ಚರಿಕೆ. ನಿಮ್ಮ ಮರಿ ಕಹಿಯೇ? ಅಲ್ಲ ಅಂದರೆ ಹೊಳಪನ್ನು ಬೇರೆ ಕಡೆಗೆ ಸಾಗಿಸಿ. 2020ರ ನವೆಂಬರ್‌ನಲ್ಲಿ ಮಲ್ಪೆ, ಮಟ್ಟು ಕಡೆಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದದ್ದು ನೆನಪಿದೆಯಲ್ಲ? ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ ಅದು. ನೀರು ಕದಡಿದರೆ ಹೊಳೆಯುತ್ತದೆ. ಮೇ ತಿಂಗಳ ಮರಿಗೆ ನವೆಂಬರ್‌ನಲ್ಲಿ ಆರು ತಿಂಗಳು. ಹಾಲುಹಲ್ಲು ಬಿದ್ದಿರುತ್ತವೆ, ಎತ್ತರದಲ್ಲಿ ದೊಡ್ಡವುಗಳ ಹತ್ತಿರಕ್ಕೆ ಬಂದಿರುತ್ತದೆ. ಮೊದಲ ಸಲ ಕಡಲಿಗಿಳಿದ ಮರಿ ಮೈ ಕೊಡವಿದಾಗ ನೀಲಿ ಹನಿ ಸಿಡಿಯಲಿ. ಅದನ್ನು ನೋಡಿದ ಒಬ್ಬ ಮೀನುಗಾರ ‘ಹೊಳೆಯುವ ತೋಳ’ ಅಂತ ಊರಿಡೀ ಹೇಳಲಿ.

ಮುನ್ನೂರು ವರ್ಷದ ಆಯಸ್ಸು ಇನ್ನೊಂದು ತೊಡಕು. ಕಾಡಿನ ತೋಳ ಬದುಕುವುದು ಆರೇಳು ವರ್ಷ, ತೀರಾ ಅದೃಷ್ಟ ಇದ್ದರೆ ಹನ್ನೆರಡು. ಎರಡನೇ ವರ್ಷಕ್ಕೆ ಮರಿ ಹಾಕಲು ಶುರು, ಒಂದು ಸೂಲಿಗೆ ನಾಲ್ಕರಿಂದ ಆರು. ಇದೇ ವೇಗದಲ್ಲಿ ಮುನ್ನೂರು ವರ್ಷ ಹೆತ್ತರೆ ಒಂದೇ ಜೋಡಿಗೆ ಸಾವಿರಕ್ಕೂ ಹೆಚ್ಚು ಮರಿ. ಬಹಳ ಕಾಲ ಬದುಕುವ ಪ್ರಾಣಿ ನಿಧಾನವಾಗಿ ಹೆರಬೇಕು. ಗ್ರೀನ್‌ಲ್ಯಾಂಡ್ ಶಾರ್ಕ್ 270 ವರ್ಷಕ್ಕಿಂತ ಹೆಚ್ಚು ಬದುಕುತ್ತದೆ, ಪ್ರಾಯಕ್ಕೆ ಬರಲು ಅದಕ್ಕೆ ನೂರೈವತ್ತು ವರ್ಷ ಬೇಕು ಅಂತ 2016ರ ಅಧ್ಯಯನ ಅಂದಾಜು ಮಾಡಿದೆ. ನಿಮಗೆ ಮುನ್ನೂರೇ ಬೇಕು ಅಂದರೆ ಹೆಣ್ಣು ತೋಳ ಇಪ್ಪತ್ತು ವರ್ಷಕ್ಕೊಮ್ಮೆ ಒಂದೇ ಮರಿ ಹಾಕಲಿ. ಆಗ ಒಂದು ಮರಿ ಸತ್ತರೂ ಅದು ಕತೆಯ ದೊಡ್ಡ ಘಟನೆ. ಈಗ ಬದುಕಿರುವ ಮುದಿ ತೋಳ ಕೆಳದಿ ಅರಸರ ಕಾಲದಲ್ಲಿ ಹುಟ್ಟಿದ್ದು ಅಂತಾಗುತ್ತದೆ. 1763ರಲ್ಲಿ ಹೈದರ್ ಬಂದದ್ದನ್ನು, 1799ರ ನಂತರ ಕಂಪನಿ ಬಂದದ್ದನ್ನು ಅದು ನೋಡಿದೆ. ನನ್ನನ್ನು ಕೇಳಿದರೆ ಹನ್ನೆರಡು ವರ್ಷವೇ ಸಾಕು. ಅದೇ ಸುರಂಗದಲ್ಲಿ ಅಜ್ಜಿ ಕಂಡ ತೋಳವನ್ನೇ ಮೊಮ್ಮಗಳೂ ಕಂಡೆ ಅಂದುಕೊಳ್ಳಲಿ. ಜನರೇ ಆಯಸ್ಸು ಮುನ್ನೂರು ಅಂತ ಕಟ್ಟಿಕೊಳ್ಳುತ್ತಾರೆ.

ಉಳಿದದ್ದು ಊಳು. ತೋಳದ ಊಳು ಕಾಡಿನಲ್ಲೂ ಹತ್ತು ಕಿಲೋಮೀಟರ್‌ವರೆಗೆ ಕೇಳಬಲ್ಲದು. ಮಳೆ ತರಿಸುವುದಕ್ಕೆ ವಿಜ್ಞಾನದ ಸಾಮಾನು ಬೇಕಾದರೆ ಸಿಗುತ್ತದೆ. ಎಲೆಗಳ ಮೇಲಿರುವ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದಲ್ಲಿ ನೀರನ್ನು ಬೇಗ ಹಿಮಗಟ್ಟಿಸುವ ಪ್ರೋಟೀನ್ ಇದೆ. ಅದು ಗಾಳಿಯಲ್ಲಿ ಮೇಲೇರಿ ಮೋಡದಲ್ಲಿ ಮಳೆಗೆ ಬೀಜವಾಗುತ್ತದೆ ಎಂಬ ವಾದ 1980ರ ದಶಕದಿಂದ ಇದೆ. 2017ರಲ್ಲಿ ನಮ್ಮ ಸರಕಾರ ‘ವರ್ಷಧಾರಿ’ ಅಂತ ವಿಮಾನದಿಂದ ಮೋಡ ಬಿತ್ತನೆ ಮಾಡಿಸಿತಲ್ಲ, ಅದರದ್ದೂ ಬೀಜ ಹಾಕುವ ಕೆಲಸವೇ. ತೋಳದ ಕೂದಲಿನಿಂದ ಬ್ಯಾಕ್ಟೀರಿಯಾ ಹಾರಿತು ಅಂತ ನೀವು ಬರೆಯಬಹುದು. ಬರೆಯಬೇಡಿ. ಉಳಿದೆಲ್ಲ ಮೈಯ ಲೆಕ್ಕಕ್ಕೆ ಸರಿಹೊಂದಿದ ಮೇಲೆ ಓದುಗರು ಒಂದು ಮಾಯೆಯನ್ನು ಕಣ್ಣು ಮುಚ್ಚಿ ಒಪ್ಪುತ್ತಾರೆ. ಆ ಒಂದು ಊಳೇ ಆಗಿರಲಿ. ಹೇಗೂ ಮುಂಗಾರು ಸಾಮಾನ್ಯವಾಗಿ ನಮ್ಮಲ್ಲಿಗೆ ಬರುವುದು ಜೂನ್ ಮೊದಲ ವಾರ. ತೋಳ ಕರೆದದ್ದಕ್ಕೆ ಮಳೆ ಬಂತೋ, ಮಳೆ ಬರುವ ವಾಸನೆಗೆ ತೋಳ ಕರೆಯಿತೋ, ನಿಮ್ಮ ಪಾತ್ರಗಳು ಜಗಳ ಆಡಲಿ.

ಒಂದು ಎಚ್ಚರಿಕೆ. ಇದನ್ನು ದೈವ ಮಾಡಲು ಹೋಗಬೇಡಿ. ಹಂದಿಗೆ ಪಂಜುರ್ಲಿ ಇದೆ, ಹುಲಿಗೆ ಪಿಲಿಚಾಮುಂಡಿ ಇದೆ. ಅವು ಇಂದಿಗೂ ಜನರ ನಂಬಿಕೆ, ಕತೆಯ ಸರಕಲ್ಲ. ಆದರೆ ಹಂದಿ ತಿನ್ನುವ ತೋಳವನ್ನು ಪಂಜುರ್ಲಿಗೆ ಕೈಮುಗಿಯುವ ರೈತ ಹೇಗೆ ನೋಡುತ್ತಾನೆ ಅನ್ನುವುದನ್ನು ಬರೆದರೆ ನಾನಂತೂ ಓದುತ್ತೇನೆ.

ಕೊನೆಗೆ, ಸಾವು. ಮಳೆತೋಳದ ದೊಡ್ಡ ಶತ್ರು ಬೇಟೆಗಾರನೂ ಅಲ್ಲ, ಚಿರತೆಯೂ ಅಲ್ಲ, ನಾಯಿ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಹಲವದರಲ್ಲಿ ಸಿಕ್ಕಿದ್ದು ನಾಯಿಗಳ ಡಿಸ್ಟೆಂಪರ್ ವೈರಸ್. ತೋಳಕ್ಕೆ ಅದೂ ಬರುತ್ತದೆ, ಪಾರ್ವೋ, ರೇಬೀಸ್ ಕೂಡ. ಎರಡು ತಿಂಗಳಿಗೆ ತಾಯಿಹಾಲು ಬಿಡುವಾಗ ಮರಿಗಳಿಗೆ ತಾಯಿಯಿಂದ ಬಂದ ರಕ್ಷಣೆಯೂ ಕರಗುತ್ತಾ ಬರುತ್ತದೆ. ನಿಮ್ಮ ಹೊಸ ಲೆಕ್ಕದಲ್ಲಿ ಅದು ಜುಲೈ, ಸುರಂಗ ಬಿಟ್ಟು ಊರಿನ ಹತ್ತಿರದ ಹಾಡಿಗೆ ಬಂದ ಹೊತ್ತು. ಹಾಗಾಗಿ ಆ ಹಾಡಿಯ ಸುತ್ತ ಎಷ್ಟು ಮನೆ, ಎಷ್ಟು ನಾಯಿ ಅನ್ನುವುದನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಯಾವ ಮರಿ ಉಳಿಯುತ್ತದೆ ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ.